ಅಂಗೈ ಊರಿದರೆ ಪಾಳಿ ಅವಳದು

ನಾನು ಓದಿದ್ದು ಮೂರನೆಯ ಇಯತ್ತೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನನ್ನ ಮೊಮ್ಮಗಳ ಬಗ್ಗೆ ಕೊಚ್ಚಿಕೊಳ್ಳುವುದಿದೆ. ಕೊಚ್ಚಿಕೊಳ್ಳುವ ಭರದಲ್ಲಿ ಅಕ್ಷರ ತಪ್ಪಿದರೆ ಯಾರೂ ತಕರಾರು ತೆಗೆಯಬಾರದು. ಇಸ್ಪೀಟು ಎಲೆ ಹಿಡಿಸಿ ಮೊಮ್ಮಗಳನ್ನು ಶಾಲೆಗೆ ಸೇರಿಸಿದವಳು ಇಡೀ ಬ್ಯಾಡಗಿಗೆ ನಾನೊಬ್ಬಳೇ ಇರಬೇಕು.

ಆಗ ನಮ್ಮದಿನ್ನೂ ಧಾರವಾಡ ಜಿಲ್ಲೆ. ತೊಂಬತ್ತನೆಯ ಇಸವಿ ಬಂದಿತ್ತೋ, ಬರುವುದರಲ್ಲಿತ್ತೋ. ನಾನು ವಖಾರಿಯಲ್ಲಿ, ಅಂದರೆ ವ್ಯಾಪಾರಿಯ ಗೋದಾಮಿನಲ್ಲಿ, ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ಮಧ್ಯಾಹ್ನ ಮನೆಗೆ ಬಂದು ರೊಟ್ಟಿ ತಿಂದು ಮತ್ತೆ ಹೋಗುವ ಮೊದಲು ಒಂದು ತಾಸು ಸಿಗುತ್ತಿತ್ತು. ಆ ಒಂದು ತಾಸು ನಮ್ಮ ಮನೆಯ ಕಟ್ಟೆಯ ಮೇಲೆ ಚಾಪೆ ಹಾಸಿ ಆಟ.

ಆಟ ತಂದವರು ಪಕ್ಕದ ಮನೆಯ ಕಂಡಕ್ಟರಣ್ಣ. ರಾಣೇಬೆನ್ನೂರು–ಹಾವೇರಿ ಬಸ್ಸಿನಲ್ಲಿ ಸೀಟಿ ಊದಿ ಊದಿ ನಿವೃತ್ತರಾದವರು. ಕುಮಾರಪಟ್ಟಣದ ಕಾರ್ಖಾನೆಯ ಕಾಲೊನಿಯಲ್ಲಿ ಅಡುಗೆ ಮಾಡುತ್ತಿದ್ದ ಗೆಳೆಯನೊಬ್ಬ ಅವರಿಗೆ ಕಲಿಸಿದ್ದನಂತೆ. ಅದರ ಹೆಸರು ಪೋಕರ್ ಎಂದರು. ನಾವು ಐದೆಲೆ ಆಟ ಎಂದೆವು. ಒಬ್ಬೊಬ್ಬರಿಗೆ ಐದು ಎಲೆ, ಬೇಡವಾದದ್ದನ್ನು ಒಮ್ಮೆ ಬದಲಿಸಬಹುದು. ಒಂದೇ ಅಂಕಿಯವು ಎರಡು ಬಂದರೆ ಚಲೋ, ಮೂರು ಬಂದರೆ ಇನ್ನೂ ಚಲೋ. ಎಲೆಯ ಮೇಲೆ ಭರವಸೆ ಇದ್ದರೆ ನಡುವೆ ಬೀಜ ಹಾಕಬೇಕು. ಎದುರಿನವರೂ ಅಷ್ಟೇ ಹಾಕಿದರೆ ಎಲೆ ಬಿಚ್ಚಿ ತೋರಿಸಬೇಕು. ಅವರು ಹೆದರಿ ಬಿಟ್ಟುಕೊಟ್ಟರೆ ತೋರಿಸುವ ಗರಜು ಇಲ್ಲ, ಗುಂಪೆಲ್ಲ ನಿಮ್ಮದೇ. ಆಟದಲ್ಲಿ ಉಳಿಯುವವರು 'ರೈಟ್' ಅನ್ನಬೇಕು, ಬಿಡುವವರು 'ಇಳಿದೆ' ಅನ್ನಬೇಕು. ಇದು ಕಂಡಕ್ಟರಣ್ಣನ ಕಾನೂನು. ಒಮ್ಮೆ ಬಾಯಿಂದ ಬಿದ್ದ ಮಾತು ಹರಿದ ಟಿಕೆಟ್ ಇದ್ದಂತೆ, ವಾಪಸ್ ಇಲ್ಲ.

ಬೀಜವೆಂದರೆ ಹುಣಸೆಬೀಜ. ಆಟ ಮುಗಿದ ಮೇಲೆ ಎಲ್ಲ ಬೀಜ ಒಂದೇ ಡಬ್ಬಿಗೆ. ಮರುದಿನ ಮತ್ತೆ ಎಲ್ಲರಿಗೂ ಸಮ ಹಂಚಿಕೆ. ನಿನ್ನೆ ಸಾಹುಕಾರ್ತಿಯಾಗಿ ಮೆರೆದವಳು ಇವತ್ತು ನಮ್ಮ ಸರೀಕಳೇ. ಗೆದ್ದದ್ದು ಮನೆಗೆ ಹೋಗುವುದಿಲ್ಲ ಎಂದಮೇಲೆ ಆಡುವುದೇಕೆ ಎಂದು ಓಣಿಯವರು ಕೇಳುತ್ತಿದ್ದರು. ಮುಂಜಾನೆಯಿಂದ ತಲೆ ಬಗ್ಗಿಸಿ ತೊಟ್ಟು ಬಿಡಿಸಿದವರಿಗೆ ಇನ್ನೊಬ್ಬರ ಮುಖ ನೋಡುತ್ತ ಕೂರುವ ಸುಖ ಅವರಿಗೆ ಹೇಗೆ ಹೇಳುವುದು?

ಮೂರನೆಯವಳು ಖಾಲಾ. ಎದುರು ಮನೆಯವಳು, ನನ್ನ ಜೊತೆಗೇ ವಖಾರಿಗೆ ಬರುತ್ತಿದ್ದಳು. ಓಣಿಗೆಲ್ಲ ಅವಳು ಖಾಲಾ, ನನಗೂ ಖಾಲಾ. ನಾವಿಬ್ಬರೂ ಎಷ್ಟೇ ಕೈ ತೊಳೆದರೂ ಖಾರ ಹೋಗುತ್ತಿರಲಿಲ್ಲ, ಅದು ಎಲೆಗಳಿಗೂ ಹತ್ತಿತ್ತು. ಆಡುತ್ತ ಮರೆತು ಕಣ್ಣು ಮುಟ್ಟಿದರೆ ಮುಗಿಯಿತು, ದಳದಳ ನೀರು. ಕಂಡಕ್ಟರಣ್ಣ ತಮಾಷೆ ಮಾಡುತ್ತಿದ್ದರು: "ಬ್ಯಾಡಗ್ಯಾಗ ಸೋತು ಅಳಾವ್ರು ಯಾರು, ಖಾರ ಹತ್ತಿ ಅಳಾವ್ರು ಯಾರು, ದೇವರಿಗೂ ತಿಳಿಯಂಗಿಲ್ಲ ನೋಡ್ರಿ."

ಇನ್ನು ನನ್ನ ಮೊಮ್ಮಗಳು. ರಾಣೇಬೆನ್ನೂರಿನಲ್ಲಿ ಸೈಕಲ್ ಅಂಗಡಿ ಇಟ್ಟ ನನ್ನ ಮಗನ ಹಿರಿಯ ಮಗಳು. ನಾಲ್ಕನೆಯದು ಪಾಸಾಗಿತ್ತು. ಓದು, ಲೆಕ್ಕ ಎಲ್ಲದರಲ್ಲೂ ಚುರುಕು. ಆದರೆ ಮಾತು ಉಗ್ಗುತ್ತಿತ್ತು. ಬಾಯಿ ತೆರೆದಿರುತ್ತಿತ್ತು, ಮಾತು ಗಂಟಲಲ್ಲೇ ನಿಂತಿರುತ್ತಿತ್ತು. ಐದನೆಯ ಇಯತ್ತೆಗೆ ಅಲ್ಲಿನ ಹುಡುಗಿಯರ ಶಾಲೆಗೆ ಕರೆದುಕೊಂಡು ಹೋದರೆ, ದೊಡ್ಡ ಬಾಯಾರು, ಅಂದರೆ ಮುಖ್ಯ ಶಿಕ್ಷಕಿ, ಹೆಸರು ಕೇಳಿದರು. ಇವಳಿಂದ ಹೊರಡಲಿಲ್ಲ. ಅಪ್ಪ ಹೇಳಿದ. ಊರು ಕೇಳಿದರು, ಅದನ್ನೂ ಅಪ್ಪನೇ ಹೇಳಿದ. "ಮುಂದಿನ ವರ್ಷ ನೋಡೋಣ" ಎಂದು ಕಳಿಸಿದರು. ಮಗ ನನ್ನ ಹತ್ತಿರ ತಂದು ಬಿಟ್ಟ. "ಬರೋ ವರ್ಷನೂ ಹಿಂಗ ಆದ್ರ ಮನ್ಯಾಗ ಇರ್ಲಿ ಬಿಡವ್ವಾ, ಎಷ್ಟು ಸಲ ನಾಚಿಕಿ ಪಡೂದು" ಎಂದು ಹೇಳಿ ಹೋದ. ಆ ಮಾತು ಅವಳ ಕಿವಿಗೂ ಬಿತ್ತು.

ಒಂದು ವಾರ ಅವಳು ಕಟ್ಟೆಯ ಮೇಲೆ ಕೂತು ನಮ್ಮ ಆಟ ನೋಡಿದಳು. ಎಂಟನೆಯ ದಿನ ಖಾಲಾ ಅವಳಿಗೂ ಐದು ಎಲೆ ಹಾಕಿಬಿಟ್ಟಳು. "ಬಾ ಬೇಟಿ, ನಿಮ್ಮಾಯಿನ್ನ ಸೋಲಸೂಣು." ಆಯಿ ಅಂದರೆ ಅಜ್ಜಿ, ಅಂದರೆ ನಾನು.

ಆ ದಿನವೇ ನಾನು ತಪ್ಪು ಮಾಡಿದ್ದು. ಕಂಡಕ್ಟರಣ್ಣ ಹತ್ತು ಬೀಜ ಹಾಕಿ ಕೂತಿದ್ದರು. ಇವಳ ಸರದಿ. ಬಾಯಿ ತೆರೆದಳು, ಕುತ್ತಿಗೆಯ ನರ ಬಿಗಿದವು, ಸದ್ದಿಲ್ಲ. "ಹೋಗ್ಲಿ ಬಿಡ್ರಿ, ಆಕಿ ಇಳದಾಳ" ಎಂದು ನಾನೇ ಅವಳ ಎಲೆ ಇಸಿದುಕೊಂಡು ಮಗುಚಿ ಇಟ್ಟೆ.

ಹುಡುಗಿ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಅಳಲಿಲ್ಲ. ಮಗುಚಿದ ಎಲೆಗಳನ್ನು ಒಂದೊಂದಾಗಿ ತಿರುವಿ ಇಟ್ಟಳು. ಎಂಟು, ಎಂಟು, ಇನ್ನೊಂದು ಎಂಟು. ಕಂಡಕ್ಟರಣ್ಣನ ಹತ್ತಿರ ಇದ್ದದ್ದು ಬರೀ ಒಂದು ಜೊತೆ. ಗುಂಪೆಲ್ಲ ಅವಳದಾಗಬೇಕಿತ್ತು.

"ಏನ್ ಮಾಡಿದೆವಾ ಅಕ್ಕಾ!" ಎಂದಳು ಖಾಲಾ. "ಸಿಂಹದ ಹಲ್ಲು ಕಿತ್ತು ಬೆಕ್ಕು ಮಾಡೀದಿ."

"ಆಕಿಗೆ ತ್ರಾಸ ಆಗಾಕತ್ತಿತ್ತು…"

"ತ್ರಾಸ ಆಕಿದು, ಎಲಿನೂ ಆಕಿದು. ನಿಂದೇನಿತ್ತು ನಡುವ?"

ಅವಳು ಹುಟ್ಟಿದಾಗಿನಿಂದ ನಾವೆಲ್ಲ ಇದನ್ನೇ ಮಾಡಿದ್ದೆವು. ಅವಳು ನೀರು ಕೇಳುವ ಮೊದಲೇ ನಾವೇ ಹೇಳಿ ತಂದುಕೊಟ್ಟೆವು. ಪ್ರೀತಿಯಿಂದಲೇ. ಹಾಗೆ ಮಾಡಿ ಮಾಡಿ ಅವಳ ಬಾಯಿಗೆ ಬರುವ ಮಾತನ್ನೆಲ್ಲ ನಾವೇ ಆಡಿ ಮುಗಿಸಿದ್ದೆವು.

ಖಾಲಾ ಅಲ್ಲೇ ಕಾನೂನು ಮಾಡಿದಳು. "ಬೇಟಿ, ನಿನ್ನ ಪಾಳಿ ಬಂದಾಗ ಚಾಪಿ ಮ್ಯಾಲೆ ಅಂಗೈ ಊರು. ನೀ ಕೈ ಎತ್ತೂತನಕ ಯಾರೂ ಪಿಟ್ಟೆನ್ನಂಗಿಲ್ಲ. ಅಂದವ್ರಿಗೆ ಐದು ಬೀಜ ದಂಡ. ನಿಮ್ಮಾಯಿ ಆದ್ರ ಹತ್ತು."

"ಆಕಿಗ್ಯಾಕ ಹತ್ತು?" ಎಂದರು ಕಂಡಕ್ಟರಣ್ಣ.

"ಆಕಿಗೆ ಚಟ ಭಾಳ ಐತಿ."

ಮೊದಲ ವಾರ ದಂಡ ಕಟ್ಟಿ ಕಟ್ಟಿಯೇ ನಾನು ದಿವಾಳಿ. ನಾಲಿಗೆ ಕಚ್ಚಿ ಹಿಡಿದರೂ ಜಾರುತ್ತಿತ್ತು. ಸುಮ್ಮನೆ ಕೂರುವುದು ಇಷ್ಟು ಕಷ್ಟದ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಮೂರು ಮುದಿ ಜೀವ ಉಸಿರು ಹಿಡಿದು ಒಂದು ಪುಟ್ಟ ಅಂಗೈ ನೋಡುತ್ತ ಕೂರುತ್ತಿದ್ದೆವು. ಹಾದು ಹೋಗುವವರು ಯಾವುದೋ ಪೂಜೆ ನಡೆದಿದೆ ಎಂದುಕೊಂಡಿರಬೇಕು. ಕೊನೆಗೆ "ರ… ರ… ರೈಟ್" ಎಂದು ಬರುತ್ತಿತ್ತು. ಕೈ ಏಳುತ್ತಿತ್ತು. ನಾವು ಉಸಿರು ಬಿಡುತ್ತಿದ್ದೆವು.

ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ನಮ್ಮನ್ನು ಆಟವಾಡಿಸಲು ಶುರುಮಾಡಿದ್ದಳು. ಅಂಗೈ ಊರಿ ಬಹಳ ಹೊತ್ತು ಸುಮ್ಮನಿರುತ್ತಿದ್ದಳು, ಮುಖ ಮಾತ್ರ ಕಲ್ಲು. ಕಂಡಕ್ಟರಣ್ಣ ಒದ್ದಾಡುತ್ತಿದ್ದರು. "ಇದ್ಯಾಕೋ ಖೊಟ್ಟಿ ಆತು. ಈಕಿ ತಡೀಯೂದು ಮಾತಿನ ಸಲುವಾಗೋ ಎಲಿ ಸಲುವಾಗೋ, ತಿಳೀವಲ್ದು!"

ಆಗ ಅವಳು ನಕ್ಕದ್ದು! ಉಗ್ಗುತ್ತೇನೆಂದು ನನ್ನ ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದ ಹುಡುಗಿ, ಅದೇ ಉಗ್ಗನ್ನು ಎಲೆಗಳ ನಡುವೆ ಆರನೆಯ ಎಲೆಯಂತೆ ಹಿಡಿದು ಆಡುತ್ತಿದ್ದಳು. ನಾನು ಎದೆಯುಬ್ಬಿ ಖಾಲಾನ ಕಡೆ ನೋಡಿದೆ. ಅವಳು ಕಣ್ಣೊರೆಸಿಕೊಳ್ಳುತ್ತ "ಖಾರ, ಖಾರ" ಎಂದಳು.

ಒಂದು ರವಿವಾರ ಮಗ ಹೇಳದೆ ಕೇಳದೆ ಬಂದ. ಕಟ್ಟೆಯ ಮೇಲೆ ಮಗಳ ಕೈಯಲ್ಲಿ ಇಸ್ಪೀಟು ಕಂಡು ಅವನ ಮುಖ ಕೆಂಡವಾಯಿತು.

"ಅವ್ವಾ! ಮಾತು ಕಲಸು ಅಂತ ಬಿಟ್ಟು ಹೋದ್ರ ಜೂಜು ಕಲಸೀದಿ? ಶಾಲಿಗಂತೂ ಹೋಗೂದಿಲ್ಲ, ಇನ್ನ ಇದೊಂದು ಬಾಕಿ ಇತ್ತು!"

"ಜೂಜು ಅಂದ್ರ ಮನಿ ಹೋಗಬೇಕಪಾ" ಎಂದಳು ಖಾಲಾ. "ಇಲ್ಲಿ ಹೋಗೂದು ಹುಣಸಿಬೀಜ. ಅವೂ ಸಂಜಿಗೆ ಡಬ್ಬಿಗೆ ಬರ್ತಾವು."

ಅವನು ಕೇಳಲಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ಬಂದು ಕರೆದುಕೊಂಡು ಹೋಗುತ್ತೇನೆ, ಇನ್ನೊಂದು ಸಲ ಕೇಳಿ ನೋಡುವುದು, ಅಲ್ಲಿಗೆ ಮುಗಿಯಿತು ಎಂದ. ನಾನೂ ಜೊತೆಗೆ ಬರುತ್ತೇನೆ ಎಂದೆ.

ಮರುವರ್ಷ ಶಾಲೆ ಶುರುವಾದ ದಿನ ರಾಣೇಬೆನ್ನೂರಿನಲ್ಲಿ ದೊಡ್ಡ ಬಾಯಾರ ಮೇಜಿನ ಮುಂದೆ ಅವಳು ನಿಂತಿದ್ದಳು. ಹಿಂದೆ ನಾನು, ಮಗ.

"ನಿನ್ನ ಹೆಸರೇನವಾ?"

ಬಾಯಿ ತೆರೆಯಿತು. ಸದ್ದಿಲ್ಲ. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಮಗ ಮುಂದೆ ಬಗ್ಗಿ ಗಂಟಲು ಸರಿಮಾಡಿಕೊಂಡ. ನಾನು ಅವನ ಕಾಲು ತುಳಿದೆ, ಜೋರಾಗಿಯೇ. ಸುಳ್ಳು ಯಾಕೆ ಹೇಳಲಿ, ನನ್ನ ಬಾಯಿಗೂ ಆ ಹೆಸರು ಬಂದು ನಿಂತಿತ್ತು. ನುಂಗಿದೆ.

ಆಗ ಮೊಮ್ಮಗಳು ಬಲಗೈ ಎತ್ತಿ ದೊಡ್ಡ ಬಾಯಾರ ಮೇಜಿನ ಮೇಲೆ ಅಂಗೈ ಊರಿದಳು.

ಬಾಯಾರು ಆ ಕೈಯನ್ನು ನೋಡಿದರು. ಏನು ಅರ್ಥವಾಯಿತೋ, ಪೆನ್ನು ಕೆಳಗಿಟ್ಟು ಕುರ್ಚಿಗೆ ಒರಗಿ ಕೂತರು. ನಮ್ಮ ಕಟ್ಟೆಯ ಕಾನೂನು ಆ ಕೋಣೆಯಲ್ಲೂ ನಡೆಯಿತು ನೋಡಿ. ಹೆಸರು ಬಂತು, ಮೂರು ತುಂಡಾಗಿ ಬಂತು, ಆದರೆ ಅವಳ ಬಾಯಿಂದಲೇ ಬಂತು. ಆಮೇಲೆ ಅಪ್ಪನ ಹೆಸರು. ಊರು. ಪುಸ್ತಕ ಕೊಟ್ಟು ಓದು ಎಂದರು. ಓದಿದಳು. ತಡೆದಲ್ಲೆಲ್ಲ ಅಂಗೈ ಊರಿ, ಬಂದಮೇಲೆ ಎತ್ತಿ, ಇಡೀ ಪುಟ ಓದಿದಳು.

"ಇದೇನವಾ ಹಿಂಗ ಕೈ ಊರೂದು?" ಎಂದರು ಬಾಯಾರು.

"ನ… ನನ್ನ ಪಾಳಿ ಇನ್ನಾ ಮು… ಮುಗದಿಲ್ರೀ ಅಂತ."

ಬಾಯಾರು ಪುಸ್ತಕ ಮುಚ್ಚಿ ದೊಡ್ಡ ವಹಿ ತೆರೆದು ಅವಳ ಹೆಸರು ಬರೆದರು. ನನಗೆ ಕಣ್ಣು ಮಂಜಾಯಿತು. ಅವತ್ತು ನಾನು ಮೆಣಸಿನಕಾಯಿ ಮುಟ್ಟಿರಲಿಲ್ಲ.

ಉಗ್ಗು ಹೋಯಿತೇ ಎಂದು ಎಲ್ಲರೂ ಕೇಳುತ್ತಾರೆ. ಹೋಗಿಲ್ಲ. ಸ್ವಲ್ಪ ಇಳಿದಿದೆ, ಅಷ್ಟೇ. ಆದರೆ ಮಾತಿಗೆ ಅವಳು ಹೆದರುವುದಿಲ್ಲ, ಹೆದರುವವರು ನಾವು.

ಅಂದು ಅವಳ ಬಟ್ಟೆಬರೆ ಒಯ್ಯಲೆಂದು ಮಗನೂ ನಮ್ಮ ಜೊತೆ ಬಸ್ಸು ಹತ್ತಿದ. ಬ್ಯಾಡಗಿಯಲ್ಲಿ ಇಳಿದವನು ಮನೆಗೆ ಬಂದು, ಚಪ್ಪಲಿ ಬಿಟ್ಟು, ಕಟ್ಟೆಯ ಚಾಪೆಯ ಮೇಲೆ ಕೂತ. "ನನಗೂ ಹಾಕ್ರಿ ಐದು ಎಲಿ."

ಖಾಲಾ ಬೀಜ ಹಂಚಿದಳು. ಮೊದಲಿಗೆ ನಾನು ಇಳಿದೆ, ಕಂಡಕ್ಟರಣ್ಣ ಇಳಿದರು, ಖಾಲಾನೂ ಇಳಿದಳು. ಅಪ್ಪ ಮಗಳು ಇಬ್ಬರೇ ಉಳಿದರು. ಹುಡುಗಿ ತನ್ನ ಬೀಜಗಳನ್ನೆಲ್ಲ ನಡುವೆ ನೂಕಿ ಅಂಗೈ ಊರಿ ಕೂತಳು. ಮಗ ಅವಳ ಮುಖ ನೋಡಿದ, ಎಲೆ ನೋಡಿಕೊಂಡ, ಮತ್ತೆ ಮುಖ ನೋಡಿದ. ಹತ್ತು ವರ್ಷದಲ್ಲಿ ಅಷ್ಟು ಹೊತ್ತು ಮಗಳ ಮುಖ ನೋಡಿದ್ದನೋ ಇಲ್ಲವೋ.

"ರ… ರೈಟ್."

"ಇಳದೆ ತಾಯಿ, ಇಳದೆ" ಎಂದು ಎಲೆ ಕೆಳಗಿಟ್ಟ. "ಈಗರ ತೋರ್ಸು, ಏನಿದ್ದುವು?"

ಅವಳು ಎಲೆಗಳನ್ನು ಮಗುಚಿ ಉಳಿದ ಎಲೆಗಳ ಗಡ್ಡಿಯಲ್ಲಿ ಸೇರಿಸಿದಳು. ಅಂಗೈ ಚಾಪೆಗೆ ಊರಿತು. ನಾವು ಮೂವರೂ ಕಾದೆವು, ಅವನೂ ಕಾದ.

"ನೋ… ನೋಡಬೇಕಂದ್ರ ಬೀಜ ಹಾಕಬೇಕಾಗಿತ್ತಪ್ಪಾ."

ಆ ಎಲೆ ಏನಿದ್ದವೆಂದು ನಾನು ಎಷ್ಟೋ ಸಲ ಕೇಳಿದ್ದೇನೆ. ಇವತ್ತಿಗೂ ಹೇಳಿಲ್ಲ.