ಶರಣಪ್ಪ ದೇವದುರ್ಗದ ಬಸ್ಸು ಹತ್ತಿದ್ದು

ಶರಣಪ್ಪನಿಗೆ ನಿಂತಲ್ಲೇ ನಿದ್ದೆ ಹತ್ತುತ್ತಿತ್ತು. ಬೆನ್ನಿಗೆ ಗೋಡೆ, ಹೆಗಲ ಮೇಲೆ ಹನ್ನೊಂದು ವರ್ಷದ ಮಗಳು ಗಂಗಮ್ಮ. ಕಣ್ಣು ಮುಚ್ಚಿದ್ದರೂ ಒಂದು ಕೈ ಅವಳ ಬೆನ್ನು ತಟ್ಟುತ್ತಲೇ ಇರುತ್ತಿತ್ತು. ಹುಟ್ಟಿನಿಂದ ಅವಳಿಗೆ ನಡಿಗೆಯಿಲ್ಲ, ಮಾತಿಲ್ಲ. ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ ಅವನು ಪ್ರತಿ ಮಂಗಳವಾರ ರಜೆ ಹಾಕಿ, ಮಲ್ಲಟದಿಂದ ಅವಳನ್ನು ಹೊತ್ತುಕೊಂಡು, ಇಂಥ ಮಕ್ಕಳಿಗೆ ಕಲಿಸುವ ರಾಯಚೂರಿನ ಕೇಂದ್ರಕ್ಕೆ ಬರುತ್ತಿದ್ದ. ನಾನು ಮಾನ್ವಿಯಿಂದ ಬರುತ್ತಿದ್ದೆ, ಒಂದು ಕಡೆ ನಿಲ್ಲದ ನನ್ನ ಮಗ ವಿನಯನ ಕೈ ಹಿಡಿದುಕೊಂಡು.

ಬಸ್ಸಿನಲ್ಲಿ ಯಾರಾದರೂ "ಹರಕಿ ಹೊತ್ತೀರೇನ್ರಿ?" ಎಂದು ಕೇಳಿದರೆ, "ಹೊತ್ತೀನಲ್ರೀ" ಎಂದು ಹೆಗಲ ಮೇಲಿನ ಮಗಳನ್ನೇ ತೋರಿಸುತ್ತಿದ್ದ.

ಒಮ್ಮೆ ಕೇಂದ್ರದ ಟೀಚರು ಅಪ್ಪಂದಿರನ್ನೆಲ್ಲ ಕೂಡಿಸಿ, ನಿಮಗೇನು ಬೇಕು ಹೇಳಿ ಎಂದರು. ಶರಣಪ್ಪ, "ಒಂದು ತಾಸು ಯಾರೂ ನನ್ನ ಕರೀಬಾರದ್ರಿ, ಅಷ್ಟ ಸಾಕು" ಅಂದ. ಆವತ್ತಿನಿಂದ ನಾವಿಬ್ಬರೂ ಪಾಳಿ ಮಾಡಿಕೊಂಡೆವು. ಒಬ್ಬ ಎರಡೂ ಮಕ್ಕಳನ್ನು ನೋಡಿಕೊಳ್ಳುವುದು, ಇನ್ನೊಬ್ಬ ಹೊರಗೆ ಹೋಗಿ ಚಹಾ ಕುಡಿದು ಬರುವುದು.

ಒಂದು ಮಂಗಳವಾರ ಹೀಗೆ ಚಹಾಕ್ಕೆ ಹೋದ ಶರಣಪ್ಪ ತಿರುಗಿ ಬರಲಿಲ್ಲ. ಅವನ ಫೋನು ಬಂದ್ ಆಗಿತ್ತು. ಕೇಂದ್ರದ ಬಾಗಿಲು ಹಾಕುವ ಹೊತ್ತಾಯಿತು. ಗಂಗಮ್ಮ ಅತ್ತು ಅತ್ತು ಸೆಟೆದುಕೊಂಡಿದ್ದಳು. ವಿನಯ ಗೇಟಿನ ಕಡೆ ಓಡುತ್ತಿದ್ದ. ಇಬ್ಬರನ್ನೂ ಹಿಡಿದು ಮೆಟ್ಟಿಲ ಮೇಲೆ ಕುಳಿತ ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಹೆದರಿಕೆ.

ಬಿಸಿಲು ಇಳಿದ ಮೇಲೆ ಬಂದ. ಮಗಳನ್ನು ಎತ್ತಿಕೊಂಡು, ನನ್ನ ಮುಖ ನೋಡದೆ ಹೇಳಿದ: "ದೇವದುರ್ಗದ ಬಸ್ ಹತ್ತಿಬಿಟ್ಟಿದ್ದೆರೀ. ತಿರುಗಿ ಬರಬಾರದಂತನ ಹೋದೆ."

"ಮತ್ಯಾಕ ಬಂದ್ರಿ?"

"ಖಾನಾವಳ್ಯಾಗ ಊಟಕ್ಕ ಕುಂತೆ. ನೋಡತೀನಿ, ಅನ್ನ ಮೆತ್ತಗ ಹಿಚುಕಾಕತ್ತೀನಿ, ಆಕಿಗೆ ಹಿಚುಕಿದಂಗ. ನನಗ ಹಲ್ಲು ಅದಾವಲ್ರೀ."

"ನನಗೂ ಒಮ್ಮೊಮ್ಮೆ ಹಂಗ ಹೋಗಿಬಿಡಬೇಕು ಅನಿಸ್ತದ" ಅಂದೆ. ಆಗ ನನ್ನ ಮುಖ ನೋಡಿದ.

ಗಂಗಮ್ಮ ಬೆಳೆದಳು. ಅವನ ನಡ ಹಿಡಿಯಿತು. ಕೇಂದ್ರಕ್ಕೆ ಬರುವುದು ನಿಂತಿತು. ಹೋದ ವರ್ಷ ನಾನು ವಿನಯನ ಜೊತೆ ಕೇಂದ್ರಕ್ಕೆ ಹೊರಟಾಗ ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನೇ ಸಿಕ್ಕ, ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು.

"ಇನ್ನ ಆಕಿನ್ನ ಎತ್ತಬ್ಯಾಡಂತ ಡಾಕ್ಟರು ಹೇಳ್ಯಾರ್ರಿ. ಮನ್ಯಾಗ ಕೈಕಾಲು ತಿಕ್ಕತೀನಿ. ನೀವು ಬಿಡಬ್ಯಾಡ್ರಿ, ವಿನಯನ್ನ ಕರಕೊಂಡು ಹೋಗ್ರಿ."

ರಾಯಚೂರಿನ ಬಸ್ಸು ಬಂತು. ಹತ್ತುವಾಗ ಅವನು ವಿನಯನ ಕೈಯನ್ನು ನನ್ನ ಕೈಯಿಂದ ಬಿಡಿಸಿಕೊಂಡು, ತಾನೇ ಒಳಗೆ ಕರೆದೊಯ್ದು, ಕಿಟಕಿಯ ಪಕ್ಕ ಕೂಡಿಸಿ ಇಳಿದುಹೋದ. ಬಾಗಿಲಿಂದ ಸೀಟಿನತನಕ ನನ್ನ ಕೈ ಖಾಲಿ ಇತ್ತು. ಆಮೇಲೆ ಶರಣಪ್ಪ ನನಗೆ ಸಿಕ್ಕಿಲ್ಲ.