ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಲೋಟ ನೀರು

ರಾಜಕೀಯ ನಾಯಕರು ಪತ್ರಿಕಾಗೋಷ್ಠಿಗಳಲ್ಲಿ ಯಾವಾಗ ನೀರು ಕುಡಿಯುತ್ತಾರೆ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ ನಾನರಿಯೆ, ನಾನಂತೂ ಗಮನಿಸಿದ್ದೇನೆ. ಬಾಯಾರಿದಾಗ ಕುಡಿಯುವುದು ನಿಮ್ಮಂಥ, ನನ್ನಂಥ ಸಾಮಾನ್ಯರ ಪದ್ಧತಿ. ಅವರು ಕುಡಿಯುವುದು ಪ್ರಶ್ನೆ ಮುಗಿದು ಉತ್ತರ ಇನ್ನೂ ಶುರುವಾಗದ ಆ ಸಣ್ಣ ಸಂದಿಯಲ್ಲಿ. ಮುಕ್ಕಾಲು ಗಂಟೆ ತಮ್ಮ ಸಾಧನೆಗಳನ್ನು ಸವಿಸ್ತಾರವಾಗಿ ವರ್ಣಿಸುವಾಗ ಒಣಗದಿದ್ದ ಗಂಟಲು, ಹಿಂದಿನ ಸಾಲಿನಿಂದ ವರದಿಗಾರ್ತಿಯೊಬ್ಬಳು ಎದ್ದುನಿಂತು “ಸೇತುವೆ ಯಾವಾಗ ಮುಗಿಯುತ್ತೆ ಸಾರ್?” ಎಂದೊಡನೆ ಒಣಗಿಬಿಡುತ್ತದೆ. ಲೋಟ ಮೇಲೇಳುತ್ತದೆ, ಒಂದು ಗುಟುಕು ಇಳಿಯುತ್ತದೆ, ಲೋಟ ಸಾವಕಾಶವಾಗಿ ಕೆಳಗೆ ಕೂರುತ್ತದೆ. ಆಮೇಲೆ ಬರುವ ಮಾತಿನಲ್ಲಿ ನದಿಯಿರುತ್ತದೆ, ನದಿಯ ದಡದಲ್ಲಿ ಕಳೆದ ಬಾಲ್ಯವಿರುತ್ತದೆ, ಹಿಂದಿನ ಸರ್ಕಾರದ ಅಸಡ್ಡೆಯಿರುತ್ತದೆ. ಸೇತುವೆ ಮಾತ್ರ ಇರುವುದಿಲ್ಲ.

ಶನಿವಾರ ಬೆಳಿಗ್ಗೆ ಡ್ರೈಯರಿನಿಂದ ತೆಗೆದ ಬಟ್ಟೆಗಳನ್ನು ಮಡಚುವುದು ಸ್ಯಾನ್ ರಮೋನಿನ ನಮ್ಮ ಮನೆಯಲ್ಲಿ ನನ್ನ ಖಾತೆ. ಈ ಖಾತೆಯಲ್ಲಿ ಕೈಗೆ ಕೆಲಸವುಂಟು, ತಲೆಗಿಲ್ಲ. ಹೀಗಾಗಿ ಬಟ್ಟೆಯ ಬುಟ್ಟಿಗೆ ಫೋನನ್ನು ಒರಗಿಸಿಟ್ಟು ಹುಟ್ಟಿದ ದೇಶ, ನೆಲೆಸಿದ ದೇಶ ಎರಡರ ನಾಯಕರ ಗೋಷ್ಠಿಗಳನ್ನೂ ನೋಡುವುದು ಬಹುಕಾಲದ ಅಭ್ಯಾಸ. ದೇಶದ ಆಗುಹೋಗುಗಳ ಬಗ್ಗೆ ನನಗಿರುವ ಕಾಳಜಿಯನ್ನು ಕಂಡು ಬಂಧುಗಳು ಮೆಚ್ಚುತ್ತಾರೆ. ನಿಜ ಹೇಳಬೇಕೆಂದರೆ ಮಿಕ್ಕವರು ಕ್ರಿಕೆಟ್ ನೋಡುವ ಉದ್ದೇಶದಿಂದಲೇ ನಾನು ಇದನ್ನು ನೋಡುತ್ತೇನೆ. ಚೆಂಡು ವಿಕೆಟ್ಟಿಗೆ ನೇರ ಬರುತ್ತಿರುವಾಗ ಈ ಮನುಷ್ಯ ಹೇಗೆ ಸರಿದುಕೊಳ್ಳುತ್ತಾನೆ ಎಂಬ ಕುತೂಹಲ, ಅಷ್ಟೆ. ಹತ್ತಕ್ಕೆ ಇಷ್ಟೆಂದು ಅಂಕವನ್ನೂ ಕೊಡುತ್ತೇನೆ.

ಶೈಲಿಯಲ್ಲಿ ಎರಡು ದೇಶಗಳಿಗೂ ವ್ಯತ್ಯಾಸವುಂಟು. ನಮ್ಮ ಕಡೆಯ ನಾಯಕರು ಪ್ರಶ್ನೆಯನ್ನು ಮೊದಲು ಗದರಿಸುತ್ತಾರೆ. ನೀವು ಯಾವ ಪತ್ರಿಕೆ, ಇದನ್ನು ಆಗ ಯಾಕೆ ಕೇಳಲಿಲ್ಲ, ನಿಮಗೆ ಇದನ್ನು ಕೇಳು ಎಂದವರು ಯಾರು ಎಂದು ಮೂರು ಮರುಪ್ರಶ್ನೆ ಹಾಕುವಷ್ಟರಲ್ಲಿ ಮೂಲಪ್ರಶ್ನೆ ಹೆದರಿ ತಾಯಿಯ ಸೆರಗಿನ ಹಿಂದೆ ಅಡಗಿರುತ್ತದೆ. ಅಲ್ಲಿಗೂ ಬಗ್ಗದಿದ್ದರೆ ವಿಷಯ ಪರಿಶೀಲನೆಯಲ್ಲಿದೆ, ಸಮಿತಿ ರಚನೆಯಾಗಿದೆ, ವರಿಷ್ಠರು ತೀರ್ಮಾನಿಸುತ್ತಾರೆ. ಇಲ್ಲಿಯವರಲ್ಲೂ ಗದರುವವರು ಇರಬಹುದು, ಆದರೆ ಬಹುಮಂದಿ ಪ್ರಶ್ನೆಯನ್ನು ಹೊಗಳಿ ಕೊಲ್ಲುತ್ತಾರೆ. ಬಹಳ ಒಳ್ಳೆಯ ಪ್ರಶ್ನೆ, ಕೇಳಿದ್ದಕ್ಕೆ ಧನ್ಯವಾದ, ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ ಎಂದು ಆರಂಭಿಸುತ್ತಾರೆ. ಯಾರಾದರೂ ಸ್ಪಷ್ಟವಾಗಿ ಹೇಳಬಯಸುತ್ತೇನೆ ಎಂದೊಡನೆ ನಾನು ಮಡಚುತ್ತಿದ್ದ ಟವೆಲನ್ನು ಕೆಳಗಿಟ್ಟು ಕುತೂಹಲದಿಂದ ಕೂರುತ್ತೇನೆ, ಏಕೆಂದರೆ ಇನ್ನು ಮಂಜು ಕವಿಯಲಿದೆ ಎಂಬುದಕ್ಕೆ ಅದೇ ಸೂಚನೆ. ಅಡ್ಡಗೋಡೆಯ ಮೇಲೆ ದೀಪವಿಡುವುದರಲ್ಲಿ ಮಾತ್ರ ಪೂರ್ವಪಶ್ಚಿಮಗಳೆಂಬ ಭೇದವಿಲ್ಲ.

ಇಂಥ ಉತ್ತರಗಳನ್ನು ಸುಳ್ಳೆನ್ನಲಾಗದು. ಸುಳ್ಳಿಗೆ ಸಿಕ್ಕಿಬೀಳುವ ಭಯವಿದೆ, ಹೇಳಿದ್ದನ್ನು ನೆನಪಿಟ್ಟುಕೊಳ್ಳುವ ತಾಪತ್ರಯವಿದೆ. ಹಾರಿಕೆಯ ಉತ್ತರಕ್ಕೆ ಇವೆರಡೂ ಇಲ್ಲ. ಅದು ನಿರುಪದ್ರವಿ, ಕೇವಲ ಸಮಯ ಕಳೆಯುವ ಕಲೆ ಎಂದು ನಾನು ಬಹಳ ಕಾಲ ನಂಬಿದ್ದೆ. ಈಚೆಗೆ ನಂಬಿಕೆ ಕೆಟ್ಟಿತು. ಹೇಗೆ ಕೆಟ್ಟಿತೆಂದು ಹೇಳುವುದು ನನಗೆ ಶೋಭೆ ತರುವ ಸಂಗತಿಯಲ್ಲ, ಆದರೆ ಹಾರಿಕೆಯ ಉತ್ತರಗಳ ಬಗ್ಗೆ ಬರೆಯುತ್ತ ಇದನ್ನೇ ಹಾರಿಸಿಬಿಟ್ಟರೆ ನೀವು ಬಿಡುವವರಲ್ಲ.

ಎರಡು ವರ್ಷಗಳ ಹಿಂದೆ ನಮ್ಮ ಭಾಗದ ಕನ್ನಡ ಕೂಟದವರು ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದರು. ನನ್ನ ವಿದ್ವತ್ತನ್ನು ಮೆಚ್ಚಿ ಮಾಡಿದರೆಂದು ಮೈಸೂರಿನ ನನ್ನ ಅಣ್ಣನಿಗೆ ಹೇಳಿದ್ದೇನೆ. ವಾಸ್ತವದಲ್ಲಿ ಮಡಚುವ ಮೇಜುಗಳೂ ಧ್ವನಿವರ್ಧಕಗಳೂ ಹಿಡಿಸುವಂಥ ವ್ಯಾನು ಕಾರ್ಯಕಾರಿ ಸಮಿತಿಯಲ್ಲಿ ನನ್ನೊಬ್ಬನಿಗೇ ಇತ್ತು. ಕೂಟಕ್ಕೆ ಸೇರಿದ್ದೊಂದು ಭಾನುವಾರದ ಕನ್ನಡ ಶಾಲೆ. ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟೊಂದರ ಸಮುದಾಯದ ಕೋಣೆಯಲ್ಲಿ ಅದನ್ನು ನಡೆಸುತ್ತಿದ್ದವರು ಅಕ್ಕೋರು. ಧಾರವಾಡದ ಪ್ರಾಥಮಿಕ ಶಾಲೆಯಿಂದ ನಿವೃತ್ತರಾಗಿ ಮಗಳ ಮನೆಗೆ ಬಂದು ನೆಲೆಸಿದವರು. ಅವರ ಕಡೆ ಶಾಲೆ ಕಲಿಸುವ ಹೆಂಗಸರನ್ನು ಕರೆಯುವುದೇ ಅಕ್ಕೋರು ಎಂದು. ನಮ್ಮ ಬೆಂಗಳೂರು, ಮೈಸೂರಿನ ಮನೆಗಳ ಮಕ್ಕಳೂ ಹಾಗೆಯೇ ಕರೆದು, ಕಡೆಗೆ ಅವರ ಹೆಸರೇ ಎಲ್ಲರಿಗೂ ಮರೆತುಹೋಯಿತು.

ಅಕ್ಕೋರ ಪಾಠದ ಕ್ರಮ ವಿಚಿತ್ರವಾಗಿತ್ತು. ಒಳಗೆ ಬಂದ ಮಗು ಕೂರುವ ಮೊದಲು ಬಾಗಿಲಲ್ಲಿ ಒಂದು ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಕೊಡಬೇಕು. ಏನು ತಿಂದು ಬಂದೆ, ಯಾರ ಜೊತೆ ಬಂದೆ, ಮಳೆ ಬರುತ್ತಿದೆಯೋ ಇಲ್ಲವೋ ಎಂಬಂಥ ಸಾದಾ ಪ್ರಶ್ನೆ. ಮಗು ಭುಜ ಕುಣಿಸಿದರೆ ಸಲ್ಲದು, ‘ನಥಿಂಗ್’ ಎಂದರೆ ಸಲ್ಲದು, ಮಳೆಯ ಬಗ್ಗೆ ಕೇಳಿದಾಗ ನಾಯಿಮರಿಯ ಕತೆ ತೆಗೆದರೂ ಸಲ್ಲದು. “ಕೇಳಿದ್ದಕ್ಕ ಉತ್ತರಾ ಹೇಳು” ಎಂದು ಶಾಂತವಾಗಿ ಇನ್ನೊಮ್ಮೆ ಅದೇ ಪ್ರಶ್ನೆ ಕೇಳುತ್ತಿದ್ದರು. ಈಗ ಬರ್ಕ್ಲಿಯಲ್ಲಿ ಓದುತ್ತಿರುವ ನನ್ನ ಮಗಳು ಆ ಬಾಗಿಲಲ್ಲಿ ಒಮ್ಮೆ ಹತ್ತು ನಿಮಿಷ ನಿಂತದ್ದುಂಟು. ಹಿಂದೆ ಸಾಲುಗಟ್ಟಿದ್ದ ತಂದೆತಾಯಂದಿರು ಗಡಿಯಾರ ನೋಡಿಕೊಳ್ಳುತ್ತಿದ್ದೆವು. ಅಕ್ಕೋರಿಗೆ ಅವಸರವಿರಲಿಲ್ಲ.

ಕಳೆದ ಏಪ್ರಿಲ್ಲಿನಲ್ಲಿ ನಮ್ಮ ಸಮಿತಿ ಸೇರಿತು. ಕನ್ನಡ ಕಲಿತದ್ದಕ್ಕೆ ಹೈಸ್ಕೂಲಿನಲ್ಲಿ ಮಕ್ಕಳಿಗೆ ಕ್ರೆಡಿಟ್ಟು ಸಿಗಬೇಕು, ಅದಕ್ಕೆ ಪಠ್ಯಕ್ರಮ ಬೇಕು, ಪರೀಕ್ಷೆ ಬೇಕು, ಇಲ್ಲಿಯ ಸರ್ಟಿಫಿಕೇಟು ಪಡೆದ ಟೀಚರೇ ಆಗಬೇಕು ಎಂಬುದು ಪೋಷಕರ ಒತ್ತಾಯ. ಅಂಥ ಟೀಚರೊಬ್ಬರು ಸಿಕ್ಕೂ ಇದ್ದರು. ಸೆಪ್ಟೆಂಬರಿನಿಂದ ಹೊಸಬರೇ ಕಲಿಸಲಿ ಎಂದು ತೀರ್ಮಾನಿಸಲು ನಮಗೆ ಬೇಕಾದದ್ದು ಹತ್ತು ನಿಮಿಷ. ಅದನ್ನು ಅಕ್ಕೋರಿಗೆ ಯಾರು ಹೇಳಬೇಕೆಂದು ಚರ್ಚಿಸುವುದರಲ್ಲಿ ಆ ಮಧ್ಯಾಹ್ನ ಕಳೆಯಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಎಲ್ಲರೂ ನನ್ನ ಮುಖ ನೋಡಿದಾಗ, ನಾನೇ ಒಂದು ದಾರಿ ಕಂಡುಹಿಡಿದೆ. ಅವರಿಗೊಂದು ಸನ್ಮಾನ ಮಾಡಿಬಿಡೋಣ ಎಂದೆ. ಸಭೆ ನಿಟ್ಟುಸಿರು ಬಿಟ್ಟು ಒಪ್ಪಿತು.

ಸನ್ಮಾನದ ಮಹಿಮೆ ಕನ್ನಡಿಗರಾದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಎತ್ತರದ ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟು, ನೆನಪಿನ ಕಾಣಿಕೆಯನ್ನು ಕೈಗೆ ಕೊಟ್ಟ ಮೇಲೆ ಆ ವ್ಯಕ್ತಿ ಏಳುವುದೂ ಕಷ್ಟ, ಕೇಳುವುದೂ ಕಷ್ಟ. ಹಾಗೆ ಸನ್ಮಾನಿತರಾದವರನ್ನು ಮತ್ತೆ ಕೆಲಸಕ್ಕೆ ಕರೆಯುವ ರೂಢಿಯೂ ನಮ್ಮಲ್ಲಿಲ್ಲ. ಬಾಯಿಬಿಟ್ಟು ಹೇಳದೆಯೇ ಎಲ್ಲವನ್ನೂ ಹೇಳಿದಂತಾಗುತ್ತದೆ, ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ.

ಆದರೆ ಸನ್ಮಾನವಿದ್ದದ್ದು ಜುಲೈನ ಸರ್ವಸದಸ್ಯರ ಸಭೆಯಲ್ಲಿ. ಅಷ್ಟರೊಳಗೆ ಅಕ್ಕೋರು ಮೇ ತಿಂಗಳಲ್ಲಿ ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಸಿಕ್ಕು ಮುಂದಿನ ವರ್ಷ ಕ್ಲಾಸು ಇದೆಯೇ ಎಂದು ಕೇಳಿದರು. “ನೋಡೋಣ ಅಕ್ಕೋರೆ” ಎಂದು ಪುಳಿಯೋಗರೆಯ ಕಡೆ ನಡೆದೆ. ಜೂನಿನಲ್ಲಿ ಫೋನು ಮಾಡಿ ಕೇಳಿದರು. ಸಮಿತಿಯಲ್ಲಿ ಚರ್ಚೆ ನಡೀತಿದೆ ಎಂದೆ. ಚರ್ಚೆ ನಡೆದದ್ದೇನೋ ನಿಜವೇ, ಯಾವಾಗ ಎಂದು ಅವರು ಕೇಳಲಿಲ್ಲ.

ಜುಲೈನ ಸಭೆಯಲ್ಲಿ ವರದಿ ಓದಿ ಮುಗಿಸಿದ ಮೇಲೆ ಸದಸ್ಯರ ಪ್ರಶ್ನೆಗಳ ಸರದಿ. ಹೋಳಿಗೆ ಊಟದಲ್ಲಿ ತುಪ್ಪ ಸಾಲದೆ ಹೋದದ್ದೇಕೆ, ಪಾರ್ಕಿಂಗಿಗೆ ಜಾಗವೇಕಿಲ್ಲ ಎಂಬ ಗಹನವಾದ ಪ್ರಶ್ನೆಗಳೆಲ್ಲ ಮುಗಿದಾಗ ಅಕ್ಕೋರು ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದುನಿಂತರು.

“ಅಧ್ಯಕ್ಷರೇ, ನಂದು ಒಂದ ಪ್ರಶ್ನಿ ಅದ. ಸೆಪ್ಟೆಂಬರ್‌ನಾಗ ನನ್ನ ಕ್ಲಾಸು ಇರ್ತದೋ ಇಲ್ಲೋ?”

ನಾನು ಮಾತಾಡಿದೆ. ಏನು ಮಾತಾಡಿದೆ ಎಂದರೆ, ಪರದೇಶದಲ್ಲಿ ಮಾತೃಭಾಷೆಯ ಅಳಿವು ಉಳಿವಿನ ಪ್ರಶ್ನೆಯನ್ನು ಎತ್ತಿದ್ದಕ್ಕೆ ಅಕ್ಕೋರಿಗೆ ಕೃತಜ್ಞತೆ ಅರ್ಪಿಸಿದೆ. ಕೂಟದ ಪಾಲಿಗೆ ಕನ್ನಡ ಶಾಲೆ ಕಣ್ಣಿದ್ದಂತೆ ಎಂದೆ. ಬದಲಾಗುತ್ತಿರುವ ಕಾಲಕ್ಕೆ ತಕ್ಕಂತೆ ಅದನ್ನು ಇನ್ನಷ್ಟು ಬಲಪಡಿಸುವ ದಿಕ್ಕಿನಲ್ಲಿ ಹಲವು ಸಾಧ್ಯತೆಗಳು ಸಮಿತಿಯ ಮುಂದಿವೆ ಎಂದೆ. ಅವರ ಸೇವೆಯನ್ನು ಈ ನಾಡು ಎಂದೂ ಮರೆಯದು ಎಂದಾಗ ಯಾವ ನಾಡೆಂದು ನನಗೂ ಸ್ಪಷ್ಟವಿರಲಿಲ್ಲ. ಮಾತು ಮುಗಿಯುವ ಹೊತ್ತಿಗೆ ಕಾರ್ಯದರ್ಶಿ ಶಾಲು ಹಿಡಿದು ಸಿದ್ಧನಾಗಿದ್ದ. ಹೊದಿಸಿದೆವು. ಚಪ್ಪಾಳೆ ಚೆನ್ನಾಗಿಯೇ ಬಿತ್ತು.

ಮನೆಗೆ ಮರಳುವಾಗ 680 ಫ್ರೀವೇಯಲ್ಲಿ ಕಾರುಗಳು ತೆವಳುತ್ತಿದ್ದವು. ನನ್ನ ಹೆಂಡತಿ ಮಾಲತಿ, “ರೀ, ಅವರು ಕ್ಲಾಸು ಇರುತ್ತಾ ಇಲ್ವಾ ಅಂತ ಕೇಳಿದ್ರು. ನೀವು ಶಾಲು ಹೊದಿಸಿದ್ರಿ” ಎಂದಳು. ಸಂಸ್ಥೆ ನಡೆಸುವ ಸೂಕ್ಷ್ಮಗಳು ನಿನಗೆ ತಿಳಿಯುವುದಿಲ್ಲ ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು, ನನಗೂ ಜಾಣಕಿವುಡು ಒಗ್ಗಿಬಂದಿತ್ತು.

ಮುಂದಿನ ಶನಿವಾರ ಎಂದಿನಂತೆ ಬಟ್ಟೆಯ ಬುಟ್ಟಿಯ ಮುಂದೆ ಕೂತಿದ್ದೆ. ಕಾರ್ಯದರ್ಶಿ ಸಭೆಯ ವಿಡಿಯೋವನ್ನು ಕೂಟದ ವಾಟ್ಸಾಪ್ ಗುಂಪಿಗೆ ಹಾಕಿದ್ದ. ನಾಯಕರನ್ನು ಬದಿಗಿಟ್ಟು ಅದನ್ನೇ ಹಚ್ಚಿದೆ. ನನ್ನ ಭಾಷಣವನ್ನು ಇನ್ನೊಮ್ಮೆ ಕೇಳುವ ಆಸೆ ಇರಲಿಲ್ಲವೆಂದರೆ ಅದು ಹಾರಿಕೆಯ ಮಾತಾದೀತು. ಅಕ್ಕೋರು ಪ್ರಶ್ನೆ ಕೇಳಿದರು. ವೇದಿಕೆಯ ಮೇಲಿದ್ದ ಮನುಷ್ಯ ಕೈ ಚಾಚಿ ನೀರಿನ ಲೋಟ ಎತ್ತಿಕೊಂಡ, ಒಂದು ಗುಟುಕು ಕುಡಿದ, ಲೋಟವನ್ನು ಸಾವಕಾಶವಾಗಿ ಕೆಳಗಿಟ್ಟ. ನೀರು ಕುಡಿದದ್ದು ನನಗೆ ಸ್ವಲ್ಪವೂ ನೆನಪಿರಲಿಲ್ಲ. ಆ ಮನುಷ್ಯ ತೊಟ್ಟಿದ್ದ ನೀಲಿ ಅಂಗಿ ಆ ಹೊತ್ತಿಗೆ ಅರ್ಧ ಮಡಚಿಕೊಂಡು ನನ್ನ ಕೈಯಲ್ಲೇ ಇತ್ತು. ಪಕ್ಕದೆಲೆಯ ನೊಣ ಎಣಿಸುತ್ತ ಕೂತವನಿಗೆ ತನ್ನ ಎಲೆಯ ಹೆಗ್ಗಣ ಕಂಡದ್ದು ಹೀಗೆ.

ನಗು ಬಂದಿತ್ತು, ಅಲ್ಲಿಗೇ ಮುಗಿದಿದ್ದರೆ ಈ ಪ್ರಬಂಧವೂ ನಗುತ್ತಲೇ ಮುಗಿಯುತ್ತಿತ್ತು. ಆದರೆ ಟಿವಿಯವರ ಕ್ಯಾಮೆರಾಗಳು ಉತ್ತರಿಸುವವರನ್ನಷ್ಟೇ ತೋರಿಸುತ್ತವೆ. ನಮ್ಮ ಕೂಟದ ಕ್ಯಾಮೆರಾವನ್ನು ಯಾರೋ ಗೋಡೆಯ ಬದಿಗೆ ಇಟ್ಟಿದ್ದರಿಂದ ಪ್ರಶ್ನೆ ಕೇಳಿದವರೂ ಕಾಣುತ್ತಿದ್ದರು. ನಾನು ಮಾತಾಡಿದಷ್ಟು ಹೊತ್ತೂ ಅಕ್ಕೋರು ಕೂತಿರಲಿಲ್ಲ. ಕುರ್ಚಿಯ ಬೆನ್ನು ಹಿಡಿದು, ಕೊಂಚ ಮುಂದಕ್ಕೆ ಬಾಗಿ, ಆ ಮಾತಿನ ರಾಶಿಯಲ್ಲಿ ತಮಗೆ ಸೇರಿದ್ದು ಈಗ ಬಂದೀತು, ಈಗ ಬಂದೀತು ಎಂದು ನಿಂತೇ ಇದ್ದರು. ಶಾಲು ಹೊದಿಸುವಾಗಲೂ ಏನೋ ಕೇಳಲು ಬಾಯಿ ತೆರೆದು, ಚಪ್ಪಾಳೆಯ ಸದ್ದಿಗೆ ಮುಚ್ಚಿಕೊಂಡರು. ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಅಂಕ ಕೊಡುತ್ತ ಬಂದ ನಾನು ಹಿಂದಿನ ಸಾಲಿನಲ್ಲಿ ಎದ್ದುನಿಂತವರು ಆಮೇಲೆ ಏನಾದರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅಷ್ಟರಲ್ಲಿ ಫೋನು ಸಣ್ಣಗೆ ಸದ್ದು ಮಾಡಿತು. ಮಾಲತಿ ವಿಡಿಯೋವನ್ನು ಮಗಳಿಗೆ ಕಳಿಸಿದ್ದಳೆಂದು ಕಾಣುತ್ತದೆ. ನಾನು ಕನ್ನಡದಲ್ಲಿ ಏನು ಬರೆದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು, ಅಂದು ಕನ್ನಡದ ಅಕ್ಷರಗಳಲ್ಲಿ ಒಂದೇ ಸಾಲು ಬರೆದಿದ್ದಳು: “ಕೇಳಿದ್ದಕ್ಕ ಉತ್ತರಾ ಹೇಳು.”

ಅಂಗಿಯನ್ನು ಬುಟ್ಟಿಯಲ್ಲೇ ಬಿಟ್ಟು ಯೂನಿಯನ್ ಸಿಟಿಗೆ ಹೊರಟೆ. ದಾರಿಯುದ್ದಕ್ಕೂ ಪೀಠಿಕೆಗಳನ್ನು ಹೊಸೆದೆ. ಕಾಲಧರ್ಮ, ಪೋಷಕರ ಅಪೇಕ್ಷೆ, ಸಮಿತಿಯ ಒಮ್ಮತ. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಅಕ್ಕೋರೇ ಬಾಗಿಲು ತೆರೆದರು. ಮಗಳು, ಅಳಿಯ ಹೊರಗೆ ಹೋಗಿದ್ದರು. ಟಿವಿಯ ಪಕ್ಕದಲ್ಲಿ ನಮ್ಮ ಶಾಲು ಮತ್ತೆ ಮಡಚಿಸಿಕೊಂಡು ಪ್ಲಾಸ್ಟಿಕ್ ಕವರಿನೊಳಗೆ ಕೂತಿತ್ತು. ಅವರ ಕಡೆ ಮನೆಗೆ ಬಂದವರಿಗೆ ಮಾತಿಗಿಂತ ಮೊದಲು ನೀರು ಕೊಡಬೇಕು. ತಟ್ಟೆಯಲ್ಲಿ ಒಂದು ಚೂರು ಬೆಲ್ಲ, ಪಕ್ಕದಲ್ಲಿ ತುಂಬಿದ ಲೋಟ ತಂದು ನನ್ನ ಮುಂದಿಟ್ಟರು.

“ಬಿಸಿಲಾಗ ಬಂದೀರಿ. ಮೊದಲ ನೀರು ಕುಡೀರಿ.”

ಕೈ ತಾನಾಗಿಯೇ ಲೋಟದ ಕಡೆ ಹೋಗಿತ್ತು, ಹಿಂದಕ್ಕೆ ತೆಗೆದುಕೊಂಡೆ.

“ಇಲ್ಲ ಅಕ್ಕೋರೆ. ಸೆಪ್ಟೆಂಬರಿಂದ ನಿಮ್ಮ ಕ್ಲಾಸು ಇರಲ್ಲ. ಬೇರೆ ಟೀಚರ್ ಬರ್ತಾರೆ.”

ದಾರಿಯಲ್ಲಿ ಹೊಸೆದ ಪೀಠಿಕೆಗಳು ಎಲ್ಲಿ ಉದುರಿದವೋ ತಿಳಿಯದು. ಅಕ್ಕೋರು ಎದುರಿನ ಕುರ್ಚಿಯಲ್ಲಿ ಕೂತರು. ಸೀರೆಯ ಸೆರಗಿನ ಅಂಚನ್ನು ನೇವರಿಸುತ್ತ, “ಯಾವಾಗ ಠರಾವು ಮಾಡಿದ್ರಿ?” ಎಂದು ಕೇಳಿದರು. ‘ಈಚೆಗೆ’ ಎಂಬ ಸೊಗಸಾದ ಪದ ನಾಲಗೆಯ ತುದಿಗೆ ಬಂತು. ಏಪ್ರಿಲ್ಲಿನಲ್ಲಿ ಎಂದೆ.

“ಮೇ ತಿಂಗಳದಾಗ ಹೇಳಿದ್ರ ನಾ ಧಾರವಾಡಕ್ಕ ಹೋಗಿಬಿಡ್ತಿದ್ದೆ. ನಮ್ಮ ಅಕ್ಕಂದು ಮೊಣಕಾಲ ಆಪರೇಷನ್ ಇತ್ತು, ಬಾ ಅಂತ ಕರದಿದ್ಲು. ಹೋದ್ರ ಅಕ್ಟೋಬರ್ ತನಕ ಇರಬೇಕು. ಕ್ಲಾಸು ಇದ್ರ ಮಕ್ಕಳನ್ನ ಹೆಂಗ ಬಿಡೂದು ಅಂತ ಟಿಕೇಟು ತಗೀಲಿಲ್ಲ. ಮೊನ್ನೆ ಬುಧವಾರ ಆಪರೇಷನ್ ಆತು. ಮಗ್ಗಲ ಮನಿಯವರು ದವಾಖಾನಿಗೆ ಕರಕೊಂಡು ಹೋಗಿದ್ರಂತ.”

ದೂರುವ ದನಿಯಲ್ಲ ಅದು. ಕೇಳಿದ ಪ್ರಶ್ನೆಯ ಹಿಂದೆ ಏನಿತ್ತೆಂದು ತಿಳಿಸಿದರು, ಅಷ್ಟೆ. ಮೊದಲೇ ಹೇಳಬಾರದಿತ್ತೇ, ನಮಗೆ ಗೊತ್ತೇ ಇರಲಿಲ್ಲವಲ್ಲ ಎನ್ನಬಹುದಿತ್ತು. ಅಂಥ ಉತ್ತರಕ್ಕೆ ನಾನು ಹತ್ತಕ್ಕೆ ಎಂಟಾದರೂ ಕೊಡುತ್ತಿದ್ದೆ.

“ತಪ್ಪು ನನ್ನದು, ಅಕ್ಕೋರೆ. ಏಪ್ರಿಲ್‌ನಲ್ಲೇ ಹೇಳಬೇಕಿತ್ತು. ಹೇಳೋಕೆ ಧೈರ್ಯ ಬರಲಿಲ್ಲ.”

ಅಕ್ಕೋರು ನನ್ನನ್ನು ನೋಡಿದರು. ಬಾಗಿಲಲ್ಲಿ ನಿಂತ ಮಗುವನ್ನು ಕಡೆಗೊಮ್ಮೆ ಒಳಗೆ ಬಿಡುವಾಗ ನೋಡುತ್ತಿದ್ದ ಹಾಗೆಯೇ ಇತ್ತು ಆ ನೋಟ. ಆಮೇಲೆ ಲೋಟವನ್ನು ಎರಡು ಬೆರಳಿನಿಂದ ನನ್ನ ಕಡೆಗೆ ಸರಿಸಿದರು.

“ಈಗ ಕುಡೀರಿ.”

ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು ಲೋಟದಲ್ಲಿದ್ದ ನೀರನ್ನೆಲ್ಲ ಕುಡಿದೆ. ನಿಜವಾಗಿಯೂ ಬಾಯಾರಿತ್ತು.