ಅವ್ವ ತೋರಿಸಿದ ಮೊಣಕಾಲು

ಅವರ ಬಲಗೆನ್ನೆ ಎಡಗೆನ್ನೆಗಿಂತ ಕಪ್ಪಗಿತ್ತು. ಮೂವತ್ತು ವರ್ಷ ಒಂದೇ ಒಲೆಯ ಮುಂದೆ, ಮುಖವನ್ನು ಒಂದೇ ಕಡೆಗೆ ಓರೆ ಮಾಡಿ ಕೂತು ರೊಟ್ಟಿ ಬಡಿದದ್ದರ ಗುರುತು ಅದು. ಬೆಳಿಗ್ಗೆ ಹಣೆಗೆ ಧರಿಸಿದ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಬಲಗಡೆ ಬೆವರಿನಲ್ಲಿ ಕರಗಿಹೋಗಿ ಎಡಗಡೆ ಮಾತ್ರ ಉಳಿದಿರುತ್ತಿತ್ತು. "ಅರ್ಧಾ ಶಿವಂದು, ಅರ್ಧಾ ಒಲೀದು ನೋಡ್ರಿ ನನ್ನ ಮಾರಿ" ಎಂದು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುತ್ತಿದ್ದರು.

ಭಾಲ್ಕಿಯ ಸ್ಟೇಶನ್ನಿನಿಂದ ಊರೊಳಗೆ ಬರುವ ದಾರಿಯಲ್ಲಿ ಅವರ ಖಾನಾವಳಿ ಇತ್ತು. ಹೆಸರಿನ ಹಲಗೆ ಇರಲಿಲ್ಲ. ಉಣ್ಣಲು ಬರುವವರೆಲ್ಲರಿಗೂ ಅವರು ಅವ್ವ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಒಬ್ಬಳೇ ಮಗಳನ್ನು ಬೆಳೆಸಿ ಔರಾದಿಗೆ ಮದುವೆ ಮಾಡಿಕೊಟ್ಟಿದ್ದರು. ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಹೋದ ಮರುವರ್ಷ ನಾನು ಭಾಲ್ಕಿಗೆ ಕನ್ನಡ ಸಾಲಿಯ ಮಾಸ್ತರನಾಗಿ ಬಂದೆ. ನಾನು ಕಲಿತದ್ದು ಪೂರ್ತಿ ಉರ್ದುವಿನಲ್ಲಿ. ನಿಜಾಮನ ಕಾಲದ ಸಾಲಿಯಲ್ಲಿ ಬೇರೆ ದಾರಿ ಇರಲಿಲ್ಲ. ಈಗ ಏಕಾಏಕಿ ಮಕ್ಕಳಿಗೆ ಕನ್ನಡ ಕಲಿಸಬೇಕಾಗಿ ಬಂದು, ರಾತ್ರಿ ನಾನೇ ಒತ್ತಕ್ಷರ ತಿದ್ದಿ, ಬೆಳಿಗ್ಗೆ ಹೋಗಿ ಹಲಗೆಯ ಮೇಲೆ ಬರೆಯುತ್ತಿದ್ದೆ. ಇದು ಅವ್ವನಿಗೆ ಹೇಗೋ ತಿಳಿದುಬಿಟ್ಟಿತು. ಗಂಗಾಳದ ಮುಂದೆ ಕೂತ ಕೂಡಲೇ ಕೇಳುತ್ತಿದ್ದರು: "ಮಾಸ್ತರ, ಇವತ್ತ ಹುಡುಗುರು ನಿಮಗ ಏನ್ ಕಲಿಸಿದ್ರು?"

ನಾನು ಉರಿದುಬೀಳುತ್ತಿದ್ದೆ. ನನಗೆ ನನ್ನ ಉರ್ದುವಿನ ಬಗ್ಗೆ ಬಹಳ ಜಂಬವಿತ್ತು. ತಹಸೀಲ ಕಚೇರಿಯ ಅರ್ಜಿ ಬರೆಸಲು ಜನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಯಾರದಾದರೂ ಪರವಾಗಿ ಮಾತಾಡುವ ಅವಕಾಶ ಸಿಕ್ಕರೆ ನಾನು ಬಿಡುತ್ತಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಅವ್ವ ಒಮ್ಮೆ ಒಲೆಯ ಮುಂದೆ ಕೂತರೆಂದರೆ ಏಳುತ್ತಿರಲಿಲ್ಲ. ಹಿಟ್ಟು, ನೀರು, ಉಪ್ಪು, ಖಾರ, ಬೇಳೆಯ ಗಡಿಗೆ, ಎಲ್ಲವೂ ಕೈ ಚಾಚಿದರೆ ಸಿಗುವಂತಿದ್ದವು. ಬಿಸಿ ರೊಟ್ಟಿಯನ್ನು ಕೂತಲ್ಲಿಂದಲೇ ಎಸೆದರೆ ಅದು ಸರಿಯಾಗಿ ನಮ್ಮ ಗಂಗಾಳದಲ್ಲಿ ಬೀಳುತ್ತಿತ್ತು. ನಾವು "ಸಾಕು" ಅಂದದ್ದನ್ನು ಅವರು ಒಂದು ದಿನವೂ ನಂಬಲಿಲ್ಲ. ಯಾರಾದರೂ ಮುಖ ಗಂಟು ಹಾಕಿಕೊಂಡು ಬಂದರೆ ಅವರ ಪಲ್ಯಕ್ಕೆ ಬೇಕೆಂದೇ ಒಂದು ಚಿಟಿಕೆ ಖಾರ ಹೆಚ್ಚು ಹಾಕಿ, "ಈಗ ಅತ್ತೀರಿ ಅಂದ್ರ ಖಾರಕ್ಕ ಅಂತಾರ, ಅಳ್ರಿ" ಅನ್ನುತ್ತಿದ್ದರು.

ಖಾನಾವಳಿಯ ಹಿಂದಿನ ಓಣಿಯಲ್ಲಿ ಒಬ್ಬ ಮುಸಲ್ಮಾನ ಪೈಲ್ವಾನ ಇದ್ದ. ಗರಡಿಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುತ್ತಿದ್ದ, ಮುರಿದ ಕೈಕಾಲು ಕಟ್ಟುತ್ತಿದ್ದ. ಅದಕ್ಕೆ ಯಾರಿಂದಲೂ ಹಣ ತೆಗೆದುಕೊಳ್ಳುತ್ತಿರಲಿಲ್ಲ. ಫೌಜು ಬಂದ ನಂತರದ ಗಲಭೆಯ ದಿನಗಳಲ್ಲಿ ಅವನ ತಮ್ಮ ಹಳ್ಳಿಗೆ ಹೋದವನು ತಿರುಗಿ ಬರಲಿಲ್ಲ. ಪೈಲ್ವಾನ ವಾರಗಟ್ಟಲೆ ಬಾಗಿಲು ಹಾಕಿಕೊಂಡು ಮನೆಯೊಳಗೇ ಉಳಿದ. ಆ ಅಷ್ಟೂ ದಿನ ಹಿಂದಿನ ಗೋಡೆಯ ಮೇಲಿಂದ ಅವ್ವನ ರೊಟ್ಟಿಯ ಗಂಟು ಅವನ ಅಂಗಳಕ್ಕೆ ಹೋಗುತ್ತಿತ್ತಂತೆ. ಉಣ್ಣಲು ಬಂದ ಒಬ್ಬರು ಇದನ್ನು ಆಕ್ಷೇಪಿಸಿದಾಗ ಅವ್ವ ತಲೆ ಎತ್ತದೆ, "ಆ ಮನ್ಯಾಗ ಐದು ಮಂದಿ ಅದಾರ. ಎಷ್ಟು ಬಡೀಬೇಕು ಅಂಬೂದು ನನಗ ಗೊತ್ತದ" ಅಂದಿದ್ದರಂತೆ. ಇದನ್ನು ನನಗೆ ಹೇಳಿದವನು ಪೈಲ್ವಾನನೇ.

ಅವ್ವ ಬಿದ್ದದ್ದು ಒಂದು ಬೆಳಿಗ್ಗೆ. ಎತ್ತರದಿಂದಲ್ಲ, ಓಡುವಾಗಲೂ ಅಲ್ಲ. ತೊಳೆದ ಗಂಗಾಳಗಳನ್ನು ಹೊತ್ತು ಬಚ್ಚಲಿನ ಹೊಸ್ತಿಲು ದಾಟುವಾಗ ಕಾಲು ಜಾರಿತು. ಗಂಗಾಳ ಬಿದ್ದ ಸಪ್ಪಳಕ್ಕೆ ನಾವು ಮೂರ್ನಾಲ್ಕು ಜನ ಒಳಗೆ ಓಡಿದೆವು. ಅವ್ವ ಒಂದು ಮಗ್ಗುಲಾಗಿ ಬಿದ್ದಿದ್ದರು. ಎಲ್ಲಿ ನೋಯುತ್ತಿದೆ ಎಂದು ನಾನು ಕೇಳಿದೆ. ಅವರು ಸೀರೆಯ ನೆರಿಗೆಯನ್ನು ಕೆಳಗೆ ಎಳೆದುಕೊಂಡು ಹೇಳಿದರು: "ಮೊಣಕಾಲ್ರಿ, ಮಾಸ್ತರ. ಮೊಣಕಾಲು."

ಪೈಲ್ವಾನ ಗೋಡೆ ಹಾರಿಯೇ ಬಂದ. ನಾನು ಮುಂದೆ ನಿಂತು ನನ್ನ ಚಂದದ ಉರ್ದುವಿನಲ್ಲಿ ಎಲ್ಲವನ್ನೂ ವಿವರಿಸಿದೆ. ಹೇಗೆ ಬಿದ್ದರು, ಮೊಣಕಾಲಿನ ಯಾವ ಕಡೆ ನೋವು, ಬೇರೆಲ್ಲೂ ಪೆಟ್ಟಾಗಿಲ್ಲ. ಈ ಕೊನೆಯ ಮಾತನ್ನು ಅವ್ವ ಹೇಳಿರಲಿಲ್ಲ, ನಾನೇ ಸೇರಿಸಿದೆ. ಅವನು, "ಅವ್ವಾ, ಮ್ಯಾಲ ಏನರ ಆಗ್ಯಾದೇನು? ಖರೇ ಹೇಳ್ರಿ" ಎಂದು ಒಮ್ಮೆ ಕೇಳಿದ. ಅವ್ವ ಗೋಡೆಯ ಕಡೆ ಮುಖ ಮಾಡಿದರು. ನಾನು, "ಅವರೇ ಹೇಳಿದಾರಲ್ಲ, ಎಷ್ಟು ಸಲ ಕೇಳ್ತಿ?" ಎಂದು ಅವನನ್ನು ಗದರಿಸಿದೆ. ಅವನು ಬಿದಿರಿನ ದಬ್ಬೆ ಇಟ್ಟು ಮೊಣಕಾಲನ್ನು ಬಿಗಿಯಾಗಿ ಕಟ್ಟಿ ಹೋದ.

ಮೂರು ವಾರ ನಾವು ಆ ಮೊಣಕಾಲಿಗೆ ಎಣ್ಣೆ ಹಾಕಿಸಿದೆವು, ಬಿಸಿ ಉಪ್ಪಿನ ಕಾವು ಕೊಡಿಸಿದೆವು. ಅವ್ವ ಎದ್ದು ಕೂಡಲಿಲ್ಲ. ಕೂಡಿಸಲು ಹೋದರೆ ತುಟಿ ಕಚ್ಚಿಕೊಂಡು, "ಇನ್ನ ನಾಕ ದಿನ ತಡೀರಿ" ಅನ್ನುತ್ತಿದ್ದರು. ಕಾಲಿನ ಪಾದ ಹೊರಗಡೆಗೆ ಹೊರಳಿ ಬಿದ್ದಿತ್ತು. ಅದನ್ನು ನಾವೆಲ್ಲರೂ ದಿನಾ ನೋಡುತ್ತಿದ್ದೆವು. ಯಾರಿಗೂ ಏನೂ ಹೊಳೆಯಲಿಲ್ಲ.

ಕೊನೆಗೆ ಸುದ್ದಿ ತಿಳಿದು ಔರಾದಿನಿಂದ ಮಗಳು ಬಂದಳು. ತಾಯಿಯ ಮೈ ತೊಳೆಯಲು ಒಳಗೆ ಹೋದವಳು ಸ್ವಲ್ಪ ಹೊತ್ತಿಗೆ ಹೊರಗೆ ಬಂದು ನನ್ನ ಮುಂದೆ ನಿಂತಳು.

"ಮಾಸ್ತರ, ಮೊಣಕಾಲಿಗಿ ಏನೂ ಆಗಿಲ್ಲರಿ. ತೊಡಿ ಬುಡ ನೋಡ್ರಿ ಹೋಗಿ, ಕರ್ರಗ ಕಪ್ಪು ಗಟ್ಟ್ಯಾದ. ನೀವ್ ಓದಿದವರು ಇದ್ದೀರಿ, ಯಾರನ್ನರ ಒಬ್ಬ ಹೆಣ್ಣಮಗಳನ್ನ ಒಳಗ ಕಳಸಿ ನೋಡ್ಸಬೇಕು ಅಂತ ತಿಳೀಲಿಲ್ಲೇನ್ರಿ ನಿಮಗ?"

ಒಳಗಿನಿಂದ ಅವ್ವನ ದನಿ ಬಂತು: "ಅವರಿಗ್ಯಾಕ ಬೈತಿ? ಗಂಡಸೂರ ಮುಂದ ತೊಡಿ ಅಂತ ಹ್ಯಾಂಗ ಅನ್ಲಿ ನಾ?"

ಪೈಲ್ವಾನ ಸುದ್ದಿ ಕೇಳಿ ಬಂದು ತಲೆಗೆ ಕೈ ಹಚ್ಚಿ ಕೂತ. "ಅದು ನಮ್ಮ ಕೈಯಾಗಿಂದು ಅಲ್ರಿ ಮಾಸ್ತರ. ಆ ಎಲುಬು ನಮ್ಮ ಉಸ್ತಾದ ಸುದ್ದಾ ಮುಟ್ತಿದ್ದಿಲ್ಲ. ಗೊತ್ತಾಗಿದ್ರ ಆವತ್ತೇ ಬೀದರಿಗಿ ಕಳಸ್ತಿದ್ದೆ" ಅಂದ. ಅವನು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಬಾಗಿಲಿನ ಹಲಗೆಯ ಮೇಲೆ ಅವ್ವನನ್ನು ಮಲಗಿಸಿ ರೈಲಿನಲ್ಲಿ ಬೀದರಿಗೆ ಒಯ್ದೆವು. ದವಾಖಾನೆಯ ಡಾಕ್ಟರು ಪಾದ ನೋಡಿದ ಕೂಡಲೇ ಹೇಳಿದರು, ತೊಡೆಯ ಎಲುಬು ಮೇಲೆಯೇ ಮುರಿದಿದೆ, ತಡವಾಗಿದೆ. ಕಾಲಿಗೆ ಹಗ್ಗ ಕಟ್ಟಿ, ಮಂಚದ ಕೊನೆಗೆ ಗಾಲಿ ಹಾಕಿ, ಚೀಲದಲ್ಲಿ ಇಟ್ಟಿಗೆ ತುಂಬಿ ತೂಗುಬಿಟ್ಟರು. ಮಂಚ ಪುಕ್ಕಟೆಯಾಗಿತ್ತು. ಆದರೆ ಅದರ ಸುತ್ತಲಿನದೆಲ್ಲ ನಾವೇ ತರಬೇಕಿತ್ತು. ಸೂಜಿಯ ಔಷಧಿ ಬಜಾರಿನಿಂದ, ಹಾಲು ಗೌಳಿಯಿಂದ, ಹಗಲಿಗೆ ಒಬ್ಬ ಆಯಾ. ಮಗಳು ಎರಡು ತಿಂಗಳು ದವಾಖಾನೆಯ ಎದುರಿನ ಒಂದು ಬಾಡಿಗೆ ಕೋಣೆಯಲ್ಲಿ ಉಳಿದಳು. ಔರಾದಿನಲ್ಲಿ ಅವಳ ಎರಡು ಮಕ್ಕಳನ್ನು ನೆರೆಮನೆಯವರು ನೋಡಿಕೊಂಡರು, ಗಂಡ ಬಿತ್ತುವ ದಿನಗಳಲ್ಲಿ ಹೊಲ ಬಿಟ್ಟು ಮೂರು ಸಲ ಬಂದು ಹೋದ. ಇತ್ತ ಭಾಲ್ಕಿಯಲ್ಲಿ ಒಲೆ ಆರಿತ್ತು, ಆದಾಯ ಎಂಬುದೇ ಇರಲಿಲ್ಲ. ಅವ್ವ ನನ್ನ ಕೈಗೆ ಬೀಗದ ಕೈ ಕೊಟ್ಟು ಖಾನಾವಳಿಯ ತಾಮ್ರದ ಹಂಡೆಗಳನ್ನೂ ಹಿತ್ತಾಳೆ ಗಂಗಾಳಗಳನ್ನೂ ಮಾರಿ ಬರಲು ಕಳಿಸಿದರು. ಕಾಲು ನೆಟ್ಟಗಾದರೂ ಇನ್ನು ಯಾತರಲ್ಲಿ ಬೇಯಿಸುತ್ತಾರೆ, ಯಾತರಲ್ಲಿ ಬಡಿಸುತ್ತಾರೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಮಾರಿ ತಂದು ಕೊಟ್ಟೆ.

ಇಟ್ಟಿಗೆಗಳಿಂದ ಎಲುಬು ಕೂಡಲಿಲ್ಲ. ಡಾಕ್ಟರು ನನ್ನನ್ನೂ ಮಗಳನ್ನೂ ಕರೆದು, ಹೈದರಾಬಾದಿನಲ್ಲಿ ಎಲುಬಿಗೆ ಮೊಳೆ ಹಾಕಿ ಕೂಡಿಸುತ್ತಾರೆ, ಅದಾದರೆ ಅವರು ಕನಿಷ್ಠ ಎದ್ದು ಕೂತಾರು, ಹೀಗೇ ಮಲಗಿದರೆ ಬಹಳ ದಿನ ಉಳಿಯುವುದಿಲ್ಲ ಎಂದರು. ಖರ್ಚು ಇಷ್ಟಾಗಬಹುದು ಎಂದೂ ಹೇಳಿದರು. ಮಗಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು.

ನಾನು ಭಾಲ್ಕಿಗೆ ಹೋಗಿ ಉಣ್ಣುವವರನ್ನೆಲ್ಲ ಕಂಡೆ. ಗಿರಣಿಯ ಹಮಾಲರು, ಸ್ಟೇಶನ್ನಿನವರು, ಅಡತಿ ಅಂಗಡಿಯ ಗುಮಾಸ್ತರು, ಒಬ್ಬೊಬ್ಬರೂ ಮುಂದಿನ ತಿಂಗಳುಗಳ ಊಟದ ಹಣ ಎಂದು ಕೊಟ್ಟರು. ಪೈಲ್ವಾನ ಹೆಂಡತಿಯ ಬೆಳ್ಳಿಯ ಕಡಗ ತಂದು ಕೊಟ್ಟ. ಉಳಿದದ್ದಕ್ಕೆ ಅಳಿಯ ಅರ್ಧ ಹೊಲ ಮಾರುತ್ತೇನೆಂದ. ನಾನು ಗೆದ್ದವನ ಹಾಗೆ ಬೀದರಿಗೆ ಬಂದು ಅವ್ವನ ಮುಂದೆ ಎಲ್ಲವನ್ನೂ ಹೇಳಿದೆ.

ಅವರು ಸೂರು ನೋಡುತ್ತ ಕೇಳಿದರು. ಆಮೇಲೆ, "ಮೊಳಿ ಹೊಡೀಲಕ್ಕ ನನ್ನ ಕಾಲೇನು ಬಾಗಲಾ ಏನ್ರಿ?" ಎಂದು ನಕ್ಕರು.

"ನಗಬೇಡ್ರಿ ಅವ್ವಾ. ಹೂಂ ಅನ್ರಿ."

"ಉಣಲಾರದ ಊಟದ ರೊಕ್ಕ ನಾ ಹ್ಯಾಂಗ ತಗೊಳ್ಲಿ, ಮಾಸ್ತರ? ಎಷ್ಟು ಸಾವಿರ ರೊಟ್ಟಿ ಆಗ್ತಾವ ಅವು? ಯಾರು ಬಡೀತಾರ? ಮ್ಯಾಲ ನನ್ನ ಮೊಮ್ಮಕ್ಕಳ ಹೊಲ. ಅರ್ಧಾ ಹೊಲ ತಿಂದು ಎದ್ದು ಕೂತ್ರ ನಾ ಅವರ ಮಾರಿ ಹ್ಯಾಂಗ ನೋಡ್ಲಿ?"

ನಾನು ಬೇಡಿಕೊಂಡೆ. ಸಿಟ್ಟು ಮಾಡಿದೆ. ನನ್ನ ತಪ್ಪು, ನನ್ನ ಸಲುವಾಗಿಯಾದರೂ ಹೋಗಿರಿ ಎಂದು ಅತ್ತೂ ಬಿಟ್ಟೆ. ಇಡೀ ತಹಸೀಲ ಕಚೇರಿಯನ್ನು ಮಾತಿನಲ್ಲಿ ಗೆಲ್ಲುತ್ತಿದ್ದವನು ಮಲಗಿದಲ್ಲಿಂದ ಏಳಲಾರದ ಒಬ್ಬ ಮುದುಕಿಯನ್ನು ಒಪ್ಪಿಸಲಾರದೆ ಹೋದೆ. ಅವರು ನನ್ನ ಕೈ ಹಿಡಿದು, "ನಿಮ್ಮ ತಪ್ಪೇನದರಿ? ನಾ ಅಂದಿದ್ದೇ ನೀವು ಅಂದೀರಿ" ಅಂದರು. ಅದು ಪೂರ್ತಿ ನಿಜವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಪೈಲ್ವಾನನ ಕಡಗವನ್ನು ಅವರು ಮೊದಲು ವಾಪಸು ಕಳಿಸಿದರು, ಆಮೇಲೆ ಎಲ್ಲರ ಹಣವನ್ನು.

ಅವರನ್ನು ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಔರಾದಿಗೆ ಒಯ್ದರು. ನಾನು ಒಮ್ಮೆ ಮಾತ್ರ ನೋಡಲು ಹೋದೆ. ಹೆಚ್ಚು ಸಲ ಹೋಗಬಹುದಿತ್ತು. ಧೈರ್ಯ ಸಾಲಲಿಲ್ಲ. ಬೆನ್ನಿನಲ್ಲಿ ಹುಣ್ಣಾಗಿ ಮೈ ಸೋತು ಹಣ್ಣಾಗಿದ್ದರು. ನೆರಳಿನಲ್ಲಿ ಮಲಗಿ ಮಲಗಿ ಎರಡೂ ಕೆನ್ನೆ ಒಂದೇ ಬಣ್ಣಕ್ಕೆ ಬಂದಿದ್ದವು. ಮಲಗಿಯೇ ಎದೆಯ ಮೇಲೆ ಎಡಗೈ ಇಟ್ಟುಕೊಂಡು ಲಿಂಗಪೂಜೆ ಮಾಡುತ್ತಿದ್ದರು. ನನ್ನನ್ನು ಕಂಡು ಕೇಳಿದ್ದು ಒಂದೇ: "ಈಗ ಎಲ್ಲಿ ಉಣ್ತೀರಿ, ಮಾಸ್ತರ?"

ಬೇಸಿಗೆ ಮುಗಿಯುವ ಮೊದಲೇ ಸುದ್ದಿ ಬಂತು. ನಾನೂ ಪೈಲ್ವಾನನೂ ಔರಾದಿಗೆ ಮುಟ್ಟಿದಾಗ ಅವರನ್ನು ಗೋಡೆಗೆ ಆನಿಸಿ ಕೂಡಿಸಿ, ಬಟ್ಟೆ ಕಟ್ಟಿ, ಹಣೆಯ ತುಂಬ ವಿಭೂತಿ ಹಚ್ಚಿದ್ದರು. ನಮ್ಮ ಲಿಂಗಾಯತರಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂಡಿಸಿಯೇ ಮಣ್ಣು ಮಾಡುತ್ತಾರೆ. ಎಡಗಾಲು ಮಡಚಿತ್ತು. ಮುರಿದ ಕಾಲು ಮಾತ್ರ ಮಡಚದೆ ಮುಂದಕ್ಕೆ ಚಾಚಿಕೊಂಡಿತ್ತು. ಯಾರೋ ಹಿರಿಯರು ಸ್ವಲ್ಪ ಜೋರು ಹಾಕಿ ಒತ್ತಲು ಹೋದರು. ಮಗಳು ಚೀರಿದಳು: "ಬ್ಯಾಡ್ರಿ! ನೋವಾಗ್ತದ ಅವ್ವಗ!"

ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಅವರ ಕೈ ತಡೆದರು. "ಇರ್ಲಿ ಬಿಡ್ರಿ, ಇದ್ದಾಂಗೇ ಕೂಡ್ಲಿ ತಾಯಿ. ಕುಣಿಯೇ ಒಂಚೂರು ದೊಡ್ಡದು ಮಾಡ್ರಿ" ಎಂದರು.

ಕುಣಿ ಆಗಲೇ ತಯಾರಾಗಿತ್ತು, ಎಲ್ಲರಿಗೂ ತೆಗೆಯುವ ಅಳತೆಯಲ್ಲಿ. ತೋಡಿದವರು ದಣಿದು ಬೇವಿನ ಗಿಡದ ಕೆಳಗೆ ಕೂತಿದ್ದರು. ನಾನು ಅಂಗಿ ತೆಗೆದಿಟ್ಟು ಒಳಗೆ ಇಳಿದೆ. ಮೇಲಿನಿಂದ ಪೈಲ್ವಾನ ಗುದ್ದಲಿ ಕೊಟ್ಟ. ಆ ಕಾಲು ಹಿಡಿಸುವಷ್ಟು ಜಾಗಕ್ಕೆ, ಒಂದು ಬದಿಗೆ ಇನ್ನೂ ಒಂದು ಮೊಳ, ಕೆಂಪು ಕಲ್ಲು ಮಣ್ಣನ್ನು ನಾನೇ ಅಗೆದೆ.